ಏನೂ ಇಲ್ಲದ ಅಂಗಡಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬುಧವಾರ ಸಿಕ್ಕಿತು. ನಾನು ಒಂದು ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಟೈಲರಣ್ಣ ಲಕೋಟೆಯನ್ನು ಬೆಳಕಿಗೆ ಹಿಡಿದು, "ತಗೋಮ್ಮ, ನಿಮ್ಮಕ್ಕನ ಅಕ್ಷರ ಗುಂಡುಗುಂಡಾಗಿದೆ. ಮೈನೂ ಸ್ವಲ್ಪ ತುಂಬ್ಕೊಂಡಿರ್ಬೇಕು" ಎಂದರು. ಮುಂದಿನ ತಿಂಗಳ ಎರಡನೇ ವಾರ ಡಾಕ್ಟರು ನಿನ್ನನ್ನು ಮನೆಗೆ ಕಳಿಸುತ್ತಾರೆ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಟೈಲರಣ್ಣನಿಗೂ ಓದಿ ಹೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ನಿಂತೇಬಿಟ್ಟರು.

ಅದರ ಕೆಳಗಿನ ಸಾಲನ್ನು ಮಾತ್ರ ಅವರಿಗೆ ಓದಿ ಹೇಳಲಿಲ್ಲ. ಯಾವ ದಿನ ಎಂದು ಯಾರಿಗೂ ಹೇಳುವುದಿಲ್ಲ, ಬಂದು ಬಾಗಿಲು ತಟ್ಟುತ್ತೇನೆ, ಮಗಳೇ ಬಾಗಿಲು ತೆಗೆಯಬೇಕು, ಆಗ ಅವಳ ಮುಖ ಹೇಗಾಗುತ್ತದೋ ನೋಡಬೇಕು ಎಂದು ಬರೆದಿದ್ದೀಯ. ಏಳು ತಿಂಗಳಿಂದ ಅದೊಂದನ್ನೇ ಕನಸು ಕಾಣುತ್ತಿದ್ದೀಯಂತೆ.

ಅಕ್ಕಾ, ಹಾಗೆ ಬರಬೇಡ.

ಯಾಕೆ ಎಂದು ಹೇಳಬೇಕಾದರೆ ನಾನು ಮುಚ್ಚಿಟ್ಟದ್ದನ್ನೆಲ್ಲ ಹೇಳಬೇಕಾಗುತ್ತದೆ. ಫೋನಿನಲ್ಲಿ ನನ್ನ ಬಾಯಿ ಕಟ್ಟುತ್ತದೆ, ಅದು ನಿನಗೆ ಗೊತ್ತು. ಅಲ್ಲಿ ನರ್ಸಮ್ಮ ಗಡಿಯಾರ ನೋಡುತ್ತಾ ನಿಂತಿರುತ್ತಾರೆ, ಇಲ್ಲಿ ನಾನು ಹೂಂ ಹೂಂ ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮಗಳು, ನಮ್ಮ ಕಾಳುಮೆಣಸು, ಒಳಗೆ ಮಲಗಿದ್ದಾಳೆ. ಈಗ ಹಾಸಿಗೆ ಒದ್ದೆಯಾಗುವುದು ತೀರ ಕಡಿಮೆ. ನೋಡಿದೆಯಾ, ಹಾಸಿಗೆ ಒದ್ದೆಯಾಗುತ್ತಿತ್ತು ಎಂಬುದೇ ನಿನಗೆ ಗೊತ್ತಿಲ್ಲ.

ಮೊದಲಿಂದಲೇ ಹೇಳುತ್ತೇನೆ. ನಿನ್ನನ್ನು ಕರೆದೊಯ್ಯಲು ಆಸ್ಪತ್ರೆಯ ವ್ಯಾನು ಬಂದ ಬೆಳಿಗ್ಗೆ ಅವಳು ಮಲಗಿದ್ದಳು. ನೀನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೋಣೆಯ ಹೊಸಿಲಲ್ಲಿ ನಿಂತೆ, ಒಳಗೆ ಹೋಗಲಿಲ್ಲ. ಎದ್ದ ಮೇಲೆ ಏನಾದರೂ ಹೇಳಿ ಸಮಾಧಾನ ಮಾಡು ಎಂದು ನನಗೆ ಹೇಳಿ ಇಳಿದುಹೋದೆ. ಅವಳು ಎದ್ದು ಬಂದು "ಅಮ್ಮ ಎಲ್ಲಿ?" ಎಂದು ಕೇಳಿದಾಗ ನನ್ನ ಬಾಯಿಗೆ ಬಂದದ್ದು, "ಅಂಗಡಿಗೆ ಹೋಗಿದ್ದಾಳೆ ಕಂದ, ಈಗ ಬರ್ತಾಳೆ."

ಆ ಒಂದು ಬೆಳಿಗ್ಗೆಗೆ ಸಾಕು ಎಂದುಕೊಂಡಿದ್ದೆ. ಮಧ್ಯಾಹ್ನ ಅವಳು ಮತ್ತೆ ಕೇಳಿದಳು. ಈಗ ಬರ್ತಾಳೆ ಎಂದೆ. ಮರುದಿನವೂ ಅದೇ. ಅಂಗಡಿಯಲ್ಲಿ ಜನ ಜಾಸ್ತಿ ಎಂದೆ, ಅಂಗಡಿ ದೂರ ಎಂದೆ. ಭಾವ ಲಾರಿಯಿಂದ ಇಳಿದು ಮನೆಗೆ ಬಂದಾಗ ಅವರಿಗೂ ಹಾಗೇ ಹೇಳಲು ಹೇಳಿಕೊಟ್ಟೆ. ಮೂರು ವಾರವಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಮಗು ಮರೆಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ನಿನಗೂ ಬರೆದೆ, ಚೆನ್ನಾಗಿ ಊಟ ಮಾಡುತ್ತಾಳೆ, ಆಟವಾಡುತ್ತಾಳೆ ಎಂದು.

ಊಟ ಮಾಡುತ್ತಿರಲಿಲ್ಲ. ಚಪ್ಪಲಿ ಬಚ್ಚಿಡುತ್ತಿದ್ದಳು. ಯಾರೇ ಹೊರಗೆ ಹೊರಟರೂ ಅವರ ಒಂದು ಕಾಲಿನ ಚಪ್ಪಲಿ ಮಾಯ. ಭಾವ ಒಂದು ದಿನ ಎಡಗಾಲಿಗೆ ಬೂಟು, ಬಲಗಾಲಿಗೆ ಬಚ್ಚಲಮನೆಯ ಚಪ್ಪಲಿ ಹಾಕಿಕೊಂಡು ಲಾರಿ ಹತ್ತಿದರು. ಮೊದಮೊದಲು ನಾವು ನಕ್ಕೆವು. ಆಮೇಲೆ ಕಚ್ಚಲು ಶುರುಮಾಡಿದಳು. ನನ್ನ ಮೊಣಕೈ, ಟೈಲರಣ್ಣನ ಹೆಬ್ಬೆರಳು. "ಹೆಸರಿಟ್ಟಿದ್ದು ಸರಿಯಾಗಿದೆ ಕಣಮ್ಮ, ಖಾರ ಅಂದ್ರೆ ಖಾರ" ಎಂದು ಅವರು ಬೆರಳಿಗೆ ಚಿಂದಿ ಸುತ್ತಿಕೊಂಡರು. ನಾನು ನಗಲಿಲ್ಲ.

ಕಡೆಗೆ ಶಾಲೆಯಲ್ಲಿ ಪಕ್ಕದಲ್ಲಿ ಕೂರುವ ಹುಡುಗಿಯ ಕೆನ್ನೆ ಕಚ್ಚಿದಳು. ರಕ್ತ ಬಂತು. ದೊಡ್ಡ ಟೀಚರ್ ನನ್ನನ್ನು ಕರೆಸಿದರು. ಶಾಲೆ ಬಿಟ್ಟ ಮೇಲೆ ಇಬ್ಬರು ಮಕ್ಕಳೂ ಗೇಟಿನ ಹತ್ತಿರ ಕಾಯುತ್ತಿದ್ದರಂತೆ. ಆ ಹುಡುಗಿ, ನಮ್ಮಮ್ಮ ಅಂಗಡಿಗೆ ಹೋಗಿದ್ದಾರೆ, ಈಗ ಬರ್ತಾರೆ ಎಂದಳಂತೆ. ಅಷ್ಟೇ. "ಕಾರಣಾನೇ ಇಲ್ಲ ನೋಡಿ! ಸುಮ್ಸುಮ್ನೆ ಕಚ್ಚಿದಾಳೆ" ಎಂದರು ಟೀಚರ್. ನನಗೆ ಕಾರಣ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಕಚ್ಚಿದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಮಕ್ಕಳ ಆಸ್ಪತ್ರೆಗೆ ಹೋಗಿ, ಎರಡನೇ ಮಹಡಿ, ಗುರುವಾರ ಎಂದರು.

ಅಲ್ಲಿನ ಬಾಗಿಲ ಮೇಲೆ 'ಆಟದ ಚಿಕಿತ್ಸೆ' ಎಂದು ಬರೆದಿತ್ತು. ಭಾವನಿಗೆ ಹೇಳಿದಾಗ ಅವರು, "ಆಟ ಆಡ್ಸೋಕೂ ಡಾಕ್ಟರಾ? ಮನೆ ಅಂಗಳದಲ್ಲಿ ಬಿಟ್ರೆ ಆಗಲ್ವಾ?" ಎಂದರು. ನನಗೂ ಹಾಗೇ ಅನ್ನಿಸಿತ್ತು. ಅಲ್ಲಿರುವವರನ್ನು ಮಕ್ಕಳೆಲ್ಲ ಆಟದ ಟೀಚರ್ ಎನ್ನುತ್ತಾರೆ. ದೊಡ್ಡ ವಯಸ್ಸೇನಲ್ಲ, ನಿನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯರಿರಬಹುದು. ನೆಲದ ಮೇಲೆ ಮಂಡಿಯೂರಿ ಕೂತು ಕೂತು ಅವರ ಸೀರೆಯ ಮೊಣಕಾಲಿನ ಭಾಗ ಸವೆದಿದೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ.

ಕೋಣೆ ದೊಡ್ಡದಲ್ಲ. ಮಗುವಿನ ಕೈಗೆಟುಕುವಷ್ಟು ಎತ್ತರದ ಕಪಾಟು, ಒಂದು ಗೋಡೆ ಇಲ್ಲದ ಗೊಂಬೆ ಮನೆ, ಮರದ ಪೆಟ್ಟಿಗೆಯಲ್ಲಿ ಮರಳು, ಜೇಡಿಮಣ್ಣು, ಕೈಗೆ ತೊಡುವ ಗೊಂಬೆಗಳು, ಡಾಕ್ಟರ್ ಆಟದ ಸಾಮಾನು, ಪುಟ್ಟ ತಕ್ಕಡಿ. ಮೂಲೆಯಲ್ಲೊಂದು ದಪ್ಪ ದಿಂಬು, ಹೊಡೆಯುವುದಕ್ಕೆಂದೇ ಇಟ್ಟದ್ದು. ಪ್ರತಿ ವಾರವೂ ಎಲ್ಲ ಸಾಮಾನು ಅದದೇ ಜಾಗದಲ್ಲಿರುತ್ತದೆ, ಒಂದು ಬೆರಳಿನಷ್ಟೂ ಆಚೀಚೆ ಆಗಿರುವುದಿಲ್ಲ. ಹೊರಗೆ ಎಲ್ಲ ಅದಲುಬದಲಾದ ಮಗುವಿಗೆ ಇದೊಂದು ಕೋಣೆಯಾದರೂ ಹಾಗೇ ಇರಬೇಕಂತೆ. ಮುಕ್ಕಾಲು ಗಂಟೆ ಅವಳ ಇಷ್ಟ. ತನಗೆ ನೋವು ಮಾಡಿಕೊಳ್ಳಬಾರದು, ಬೇರೆಯವರಿಗೆ ಮಾಡಬಾರದು, ಬೇಕೆಂದೇ ಸಾಮಾನು ಒಡೆಯಬಾರದು. ಇಷ್ಟು ಬಿಟ್ಟರೆ ಬೇರೆ ಕಟ್ಟುಪಾಡಿಲ್ಲ.

ಈಗ ನಾನು ಮಾಡಿದ ಎರಡನೇ ತಪ್ಪು ಕೇಳು. ಮೊದಲ ಗುರುವಾರ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಹೇಳಿದೆ, "ಅಲ್ಲಿ ಚೆನ್ನಾಗಿ ಆಡ್ಬೇಕು, ಗಲಾಟೆ ಮಾಡ್ಬಾರ್ದು. ಚೆನ್ನಾಗಿ ಆಡಿದ್ರೆ ಅಮ್ಮ ಬೇಗ ಬರ್ತಾಳೆ."

ಮೂರು ವಾರ ಅವಳು ಚೆನ್ನಾಗಿ ಆಡಿದಳು. ಗೊಂಬೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದಳು. ಮರಳು ಒಂದು ಕಾಳೂ ಹೊರಗೆ ಬೀಳದಂತೆ ಸವರಿದಳು. ಜೇಡಿಮಣ್ಣು ಮುಟ್ಟಿದರೆ ಕೈ ಕೊಳೆಯಾಗುತ್ತದೆಂದು ಮುಟ್ಟಲೇ ಇಲ್ಲ. ನಾನು ಹೊರಗಿನ ಬೆಂಚಿನಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತಾ, ಒಳಗಿಂದ ಸದ್ದೇ ಬರುತ್ತಿಲ್ಲವಲ್ಲ, ಮಗು ಸುಧಾರಿಸಿತು ಎಂದು ಹಿಗ್ಗುತ್ತಿದ್ದೆ. ಮೂರನೇ ವಾರ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಆಟದ ಟೀಚರನ್ನು ಕೇಳಿದಳು, "ನಾನು ಚೆನ್ನಾಗಿ ಆಡಿದ್ನಾ? ಇನ್ನೂ ಎಷ್ಟು ಸಲ ಚೆನ್ನಾಗಿ ಆಡ್ಬೇಕು?"

ಆ ಟೀಚರ್ ನನ್ನ ಮುಖ ನೋಡಿದರು. ಬೈಯಲಿಲ್ಲ ಅಕ್ಕಾ. ಬೈದಿದ್ದರೆ ಹಗುರಾಗುತ್ತಿತ್ತು. ಮಗುವನ್ನು ನರ್ಸಿನ ಹತ್ತಿರ ಬಿಟ್ಟು ನನ್ನನ್ನು ಒಳಗೆ ಕರೆದರು. ಇಲ್ಲಿ ಚೆನ್ನಾದ ಆಟ, ಕೆಟ್ಟ ಆಟ ಅಂತ ಇಲ್ಲ, ಮಕ್ಕಳಿಗೆ ಬಾಯಲ್ಲಿ ಹೇಳಲು ಬಾರದ್ದನ್ನು ಅವರು ಆಟದಲ್ಲಿ ಹೇಳುತ್ತಾರೆ, ಇವಳು ಮೂರು ವಾರ ಉಸಿರು ಬಿಗಿಹಿಡಿದು ಪರೀಕ್ಷೆ ಬರೆದಿದ್ದಾಳೆ ಎಂದರು. ನಾನು ಸೆರಗಿನ ತುದಿ ನೋಡುತ್ತಾ ಕೂತೆ. ಆಗ ಅಂಗಡಿಯ ಸುಳ್ಳನ್ನು ಅವರಿಗೆ ಹೇಳಿದೆ. ನಿನ್ನ ತಂಗಿ ಅಪರಿಚಿತರೆದುರು ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಂದಿನ ಗುರುವಾರ ಟೀಚರೇ ಅವಳಿಗೆ, ಆಟಕ್ಕೂ ಅಮ್ಮ ಬರುವುದಕ್ಕೂ ಸಂಬಂಧವಿಲ್ಲ, ನೀನು ಹೇಗೆ ಆಡಿದರೂ ಇಲ್ಲಿ ಸರಿ ಎಂದು ಹೇಳಿದರಂತೆ. ಅವತ್ತು ಒಳಗೆ ಮೊದಲ ಸಲ ದೊಡ್ಡ ಸದ್ದು ಕೇಳಿಸಿತು. ಸಾಲಾಗಿ ನಿಂತಿದ್ದ ಗೊಂಬೆಗಳೆಲ್ಲ ನೆಲಕ್ಕೆ ಬಿದ್ದಿದ್ದವು. ಹೊರಗೆ ಬಂದಾಗ ಅವಳ ತಲೆಯ ತುಂಬ ಮರಳು. ದಾರಿಯಲ್ಲಿ ಬಸ್ಸಿನಲ್ಲೇ ಹಸಿವು ಎಂದಳು. ತಾನಾಗಿ ಹಸಿವು ಎಂದದ್ದು ಎಷ್ಟು ದಿನದ ಮೇಲೋ.

ಒಳಗೆ ಏನು ಆಡಿದಳು ಎಂದು ಟೀಚರ್ ನನಗೆ ಪೂರ್ತಿ ಹೇಳುತ್ತಿರಲಿಲ್ಲ, ಅದು ಅವಳದು ಎನ್ನುತ್ತಿದ್ದರು. ಸುಮಾರು ಎರಡು ತಿಂಗಳಾದ ಮೇಲೆ ಒಂದು ದಿನ ಕಾಳುಮೆಣಸೇ ಬಾಗಿಲು ತೆಗೆದು, "ಚಿಕ್ಕಮ್ಮಾ, ಗಿರಾಕಿ ಬೇಕು, ಬಾ" ಎಂದಳು. ಒಳಗೆ ಹೋದೆ. ಅವಳು ಹೇಳಿದ್ದಷ್ಟೇ ಮಾಡಿ, ನೀವಾಗಿ ಏನೂ ಕಲಿಸಬೇಡಿ ಎಂದರು ಟೀಚರ್.

ಅವಳು ಕಪಾಟಿನ ಹಿಂದೆ ತಕ್ಕಡಿ ಇಟ್ಟುಕೊಂಡು ಅಂಗಡಿಯವಳಾಗಿ ನಿಂತಳು. ನನಗೊಂದು ಮೊಣಕಾಲೆತ್ತರದ ಸ್ಟೂಲು.

"ಏನ್ ಬೇಕು?"

"ಒಂದು ಸೋಪು ಕೊಡಮ್ಮ."

"ಇಲ್ಲ."

"ಬಿಸ್ಕತ್ತು?"

"ಅದೂ ಇಲ್ಲ."

"ಮತ್ತೆ ಏನಿದೆ ನಿನ್ನ ಅಂಗಡೀಲಿ?"

"ಏನೂ ಇಲ್ಲ. ಕೂತ್ಕೋ. ಈಗ ಬರುತ್ತೆ."

ಕೂತೆ. ಸ್ವಲ್ಪ ಹೊತ್ತಾದ ಮೇಲೆ, ಬಂತಾ ಎಂದೆ. "ಈಗ ಬರುತ್ತೆ ಅಂದ್ನಲ್ಲ. ಎಷ್ಟ್ ಸಲ ಹೇಳ್ಬೇಕು? ಬಂದೇಬಿಡ್ತು ನೋಡು. ಜಾಣೆ ಅಲ್ವಾ ನೀನು?"

ಅಕ್ಕಾ, ಅದು ನನ್ನ ದನಿ. ಜಾಣೆ ಅಲ್ವಾ ಎನ್ನುವಾಗ ನಾನು ಗಲ್ಲ ಹಿಡಿಯುತ್ತೇನಲ್ಲ, ಹಾಗೇ ನನ್ನ ಗಲ್ಲ ಹಿಡಿದಳು. ಗಡಿಯಾರದ ದೊಡ್ಡ ಮುಳ್ಳು ಅರ್ಧ ಸುತ್ತು ಬರುವವರೆಗೆ ನನ್ನನ್ನು ಆ ಸ್ಟೂಲಿನಿಂದ ಏಳಲು ಬಿಡಲಿಲ್ಲ. ಏಳಲು ಹೋದಾಗಲೆಲ್ಲ, ಈಗ, ಈಗ. ಕಾಲು ಜೋಮು ಹಿಡಿಯಿತು. ಅದು ಆಟ, ಸೋಪು ಬೇಕಾಗಿಯೂ ಇರಲಿಲ್ಲ, ಆದರೂ ನನಗೆ ಅಳು ಬಂತು, ಸಿಟ್ಟೂ ಬಂತು. ಅವಳನ್ನು ಕಚ್ಚಬೇಕು ಎನ್ನುವಷ್ಟು ಸಿಟ್ಟು. ನಗಬೇಡ. ಆಟದ ಟೀಚರ್ ಮೆಲ್ಲಗೆ, "ಚಿಕ್ಕಮ್ಮ ಕಾಯ್ತಾನೇ ಇದ್ದಾರೆ. ಯಾರೂ ನಿಜ ಹೇಳ್ತಿಲ್ಲ" ಎಂದರು. ಅವರು ಕೆಲಸ ಮಾಡುವುದೇ ಹಾಗೆ, ಕಂಡದ್ದನ್ನು ಕಂಡಂತೆ ಹೇಳುತ್ತಾರೆ, ಅಷ್ಟೇ. ಮೊದಮೊದಲು, ಇಷ್ಟು ಹೇಳಲು ಓದಬೇಕಾ, ನನಗೂ ಕಾಣುತ್ತದಲ್ಲ ಎಂದುಕೊಂಡಿದ್ದೆ. ಕಾಳುಮೆಣಸು ಆ ಮಾತಿಗೆ ತಕ್ಕಡಿ ಕೆಳಗಿಟ್ಟು ಟೀಚರ್ ಕಡೆ ತಿರುಗಿ ನಿಂತಳು, ಸರಿಯಾದ ಗಿರಾಕಿ ಕೊನೆಗೂ ಬಂದರು ಎಂಬಂತೆ.

ನಿಜ ಹೇಳಬೇಕಾದವರು ನೀವೇ, ಹೊರಗಿನವಳಾದ ನಾನಲ್ಲ ಎಂದು ಟೀಚರ್ ಹೇಳಿದರು. ಸಣ್ಣ ಮಾತು ಸಾಕು, ಆದರೆ ಪೂರ್ತಿ ನಿಜವಿರಬೇಕು. ಅವಳ ತಪ್ಪಿನಿಂದ ನೀನು ಹೋದದ್ದಲ್ಲ ಎಂಬುದನ್ನು ಮರೆಯದೆ ಹೇಳಬೇಕು, ಮಕ್ಕಳು ಕೇಳದೆಯೇ ಹಾಗಂದುಕೊಂಡಿರುತ್ತಾರಂತೆ. ಒಂದು ವಾರವಿಡೀ ಗುಂಡಿ ಹಾಕುತ್ತಾ ಆ ಮಾತುಗಳನ್ನು ಬಾಯಿಪಾಠ ಮಾಡಿದೆ. ಟೈಲರಣ್ಣ ಎದುರಿಗೆ ಮಗುವಾಗಿ ಕೂತರು. "ಚಿಕ್ಕಮ್ಮಾ, ನಂಗೆ ಚಾಕಲೇಟು" ಎಂದರು ಕತ್ತು ಓರೆ ಮಾಡಿ. ತಮಾಷೆ ಬೇಡ ಅಣ್ಣಾ ಎಂದೆ. "ಮಕ್ಕಳು ಹಾಗೇ ಕಣಮ್ಮ, ನೀನು ದೊಡ್ಡ ವಿಷಯ ಹೇಳೋಕೆ ಹೋದ್ರೆ ಅವು ಚಾಕಲೇಟು ಕೇಳ್ತಾವೆ. ನೀನು ನಿಲ್ಲಿಸ್ಬೇಡ, ಹೇಳು" ಎಂದರು.

ಗುರುವಾರ ನೆಲದ ಮೇಲೆ ಅವಳ ಎದುರು ಕೂತು ಹೇಳಿದೆ. "ನಿಮ್ಮಮ್ಮ ಅಂಗಡಿಗೆ ಹೋಗಿರ್ಲಿಲ್ಲ. ಅವಳ ಎದೆಯೊಳಗೆ ಕಾಯಿಲೆ ಬಂದಿತ್ತು, ಆಸ್ಪತ್ರೆಗೆ ಹೋದ್ಲು. ಮಕ್ಕಳಿಗೆ ಅಂಟುತ್ತೆ ಅಂತ ನಿನ್ನನ್ನ ಅಲ್ಲಿಗೆ ಬಿಡಲ್ಲ. ನೀನೇನೂ ತಪ್ಪು ಮಾಡಿಲ್ಲ. ನಾನು ಸುಳ್ಳು ಹೇಳಿದೆ. ನಂಗೆ ಭಯ ಆಗಿತ್ತು."

ಅವಳು ಚಾಕಲೇಟು ಕೇಳಲಿಲ್ಲ. ಮರದ ತಕ್ಕಡಿ ಎತ್ತಿಕೊಂಡು ನನ್ನ ಕಡೆ ಬೀಸಿದಳು. ಟೀಚರ್ ಅವಳ ಕೈ ಹಿಡಿದು, ಒಂದಿಷ್ಟೂ ದನಿ ಏರಿಸದೆ, "ಚಿಕ್ಕಮ್ಮನ ಮೇಲೆ ನಿಂಗೆ ತುಂಬಾ ಕೋಪ ಬಂದಿದೆ. ಚಿಕ್ಕಮ್ಮನಿಗೆ ಹೊಡೆಯೋ ಹಾಗಿಲ್ಲ. ದಿಂಬಿಗೆ ಹೊಡೀಬಹುದು" ಎಂದರು. ಹೊಡೆದಳು. ಆ ದಿಂಬಿಗೆ ನನ್ನ ಹೆಸರಿಟ್ಟು ಹೊಡೆದಳು. ಸುಳ್ಳಿ, ಸುಳ್ಳಿ ಎಂದು ಕಿರುಚಿದಳು. ನಾನು ಏಳಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಸುಸ್ತಾಗಿ ಅದರ ಮೇಲೇ ಮಲಗಿ ಸುಮಾರು ಹೊತ್ತಾದ ಮೇಲೆ, ಅಮ್ಮನ ಕಾಯಿಲೆ ಎಷ್ಟು ದೊಡ್ಡದು ಎಂದು ಕೇಳಿದಳು. ಮೊದಲು ದೊಡ್ಡದಿತ್ತು, ಈಗ ಚಿಕ್ಕದಾಗುತ್ತಿದೆ ಎಂದೆ. ಕೈಯಲ್ಲಿ ತೋರಿಸು ಎಂದಳು. ತೋರಿಸಿದೆ.

ಇದಾಗಿ ಐದು ವಾರವಾಯಿತು. ಐದು ವಾರದಿಂದಲೂ ಇದನ್ನು ನಿನಗೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕಚ್ಚುವುದು ನಿಂತಿದೆ. ಹೋದ ವಾರ ಶಾಲೆಯಲ್ಲಿ ಸಿಟ್ಟು ಬಂದು ತನ್ನ ಬರೆಯುವ ಪುಸ್ತಕ ಹರಿದು ಹಾಕಿದಳು. ಆದರೆ ಹರಿಯುವ ಮೊದಲು ಕ್ಲಾಸ್ ಟೀಚರ್ ಹತ್ತಿರ ಹೋಗಿ, ನಂಗೆ ಕೋಪ ಬಂದಿದೆ, ಕಚ್ಚಲ್ಲ, ಇದನ್ನ ಹರೀತೀನಿ ಎಂದು ಹೇಳಿ ಹರಿದಳಂತೆ. ದೊಡ್ಡ ಟೀಚರ್ ನಗಲಾರದೆ ಬೈಯಲಾರದೆ ನನಗೆ ವರದಿ ಒಪ್ಪಿಸಿದರು. ಬೇರೆ ಶಾಲೆಯ ಮಾತು ಎತ್ತಲಿಲ್ಲ. ಚಪ್ಪಲಿಗಳು ಜೊತೆಜೊತೆಯಾಗಿ ಬಾಗಿಲಲ್ಲಿವೆ. ಭಾವನೂ ಆಟದ ಟೀಚರ್ ಹೇಳಿದ್ದನ್ನು ಕಲಿತಿದ್ದಾರೆ. ಮೊನ್ನೆ ಅವಳು ಹಾಲು ಚೆಲ್ಲಿದಾಗ ಬೈಯಲು ಬಾಯಿ ತೆರೆದವರು ತಡೆದುಕೊಂಡು, "ನೀನು ಹಾಲು ಚೆಲ್ಲಿದೆ. ಅದು ನನ್ನ ಪ್ಯಾಂಟಿನ ಮೇಲೆ ಹರೀತಾ ಇದೆ. ನಾನು ನೋಡ್ತಾ ಇದೀನಿ" ಎಂದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿಂಗಳುಗಟ್ಟಲೆ ಕೇಳದ ನಗು ಅದು.

ಪ್ರತಿ ಭಾನುವಾರ ನಿನಗೆ ಹೇಳುತ್ತಿದ್ದೆನಲ್ಲ, ಸ್ನಾನ ಮಾಡುತ್ತಿದ್ದಾಳೆ, ಈಗ ಫೋನಿಗೆ ಬರಲಾಗುವುದಿಲ್ಲ ಎಂದು. "ನನ್ನ ಮಗಳು ಎಷ್ಟು ಸ್ನಾನ ಮಾಡ್ತಾಳೆ! ಸವೆದುಹೋಗ್ತಾಳೆ" ಎಂದು ನೀನು ನಗುತ್ತಿದ್ದೆ. ಮೊದಲೆಲ್ಲ ಅವಳಿಗೆ ತಿಳಿಯದಂತೆ ಟೈಲರ್ ಅಂಗಡಿಗೆ ಹೋಗಿ ಮಾತಾಡುತ್ತಿದ್ದೆ. ನಿನ್ನ ಕಾಗದಗಳಿಗೆ ಅಂಗಡಿಯ ವಿಳಾಸ ಕೊಟ್ಟದ್ದೂ ಅದಕ್ಕೇ. ಈ ಐದು ವಾರ ಅವಳು ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ. ಫೋನು ಕೊಡಲು ಹೋದರೆ ತಲೆ ಅಲ್ಲಾಡಿಸುತ್ತಾಳೆ. ಒತ್ತಾಯ ಮಾಡಬೇಡಿ ಎಂದಿದ್ದಾರೆ ಆಟದ ಟೀಚರ್. ಇವತ್ತೂ ಬೆಳಿಗ್ಗೆ ಹಾಗೇ ಆಯಿತು. ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ ಅಕ್ಕಾ. ಈ ಗುರುವಾರ ಆಟದಲ್ಲಿ ಗೊಂಬೆಯೊಂದನ್ನು ನಾನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ನೀರು ಕುಡಿಸಿದಳು. ಯಾರು ಇವರು ಎಂದು ನಾವ್ಯಾರೂ ಕೇಳಲಿಲ್ಲ.

ಆದ್ದರಿಂದ ಹೇಳದೆ ಬಂದು ಬಾಗಿಲು ತಟ್ಟಬೇಡ. ಹೇಳದೆ ಹೋದವಳು ಹೇಳದೆ ಬಂದರೆ, ಮತ್ತೆ ಯಾವತ್ತು ಹೇಳದೆ ಹೋಗುತ್ತಾಳೋ ಎಂದು ಆ ಮಗು ದಿನವೂ ಕಾಯುತ್ತದೆ. ಯಾವ ದಿನ, ಯಾವ ಬಸ್ಸು ಎಂದು ಬರೆ. ಖಚಿತವಾಗಿರದಿದ್ದರೆ ಖಚಿತವಿಲ್ಲ ಎಂದು ಬರೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಗುರುತು ಹಾಕಲಿ. ಬಾಗಿಲು ತೆಗೆದಾಗ ನೀನು ಕನಸು ಕಂಡ ಮುಖ ಇರದಿರಬಹುದು. ಓಡಿ ಬಂದು ತಬ್ಬಿಕೊಳ್ಳದೆ ನನ್ನ ಹಿಂದೆ ನಿಂತುಕೊಳ್ಳಬಹುದು. ನಿನಗೂ ಒಂದು ಸಲ ದಿಂಬಿನ ಪೂಜೆ ಆಗಬಹುದು. ಆಗ ಅಳಬೇಡ. ಅತ್ತರೂ ಪರವಾಗಿಲ್ಲ, ಯಾಕೆ ಅಳುತ್ತಿದ್ದೀಯ ಎಂದು ಅವಳಿಗೆ ಹೇಳು.

ನನ್ನ ಮೇಲೆ ಕೋಪ ಬಂದರೆ ಬರಲಿ. ಏನಾದರೂ ಹೇಳಿ ಸಮಾಧಾನ ಮಾಡು ಎಂದಿದ್ದೆ ನೀನು, ನನಗೆ ತೋಚಿದ್ದು ಅದು. ನಿನ್ನ ಮಗಳನ್ನು ನನ್ನ ಕೈಯಲ್ಲಿಟ್ಟು ಹೋಗಿದ್ದೆ ನೀನು. ಕೆಡಿಸಿದ್ದೂ ನಾನೇ, ಸರಿಮಾಡಲು ಹೆಣಗಿದ್ದೂ ನಾನೇ ಎಂದು ತಿಳಿದುಕೋ. ಔಷಧಿ ಬಿಡಬೇಡ.

ನಿನ್ನ ತಂಗಿ

ತಾ. ಕ.: ಕಾಗದ ಮಡಚುವ ಹೊತ್ತಿಗೆ ಕಾಳುಮೆಣಸು ಎದ್ದು ಬಂದು, ಯಾರಿಗೆ ಎಂದು ಕೇಳಿದಳು. ಅಮ್ಮನಿಗೆ ಎಂದೆ. ತಲೆ ಬಾಚಿಸಿಕೊಳ್ಳಲು ನನಗೆ ಬೆನ್ನು ಕೊಟ್ಟು ಕೂತಳು. ಜಡೆ ಅರ್ಧವಾದಾಗ, "ಅವತ್ತು ನಾನು ನಿದ್ದೆ ಮಾಡ್ತಿರ್ಲಿಲ್ಲ. ಕಿಟಕಿ ಹತ್ರ ನಿಂತಿದ್ದೆ. ಅಮ್ಮ ಬಿಳೀ ವ್ಯಾನ್ ಹತ್ತಿದ್ಲು" ಎಂದಳು. ಹಾಗಾದರೆ ನಾನು ಅಂಗಡಿ ಎಂದಾಗ ಸುಳ್ಳು ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ಅಳ್ತಾ ಇದ್ದೆ, ಅದಕ್ಕೆ" ಎಂದಳು. ಜಡೆ ಮುಗಿಯುವಾಗ ಮತ್ತೆ ಕೇಳಿದಳು, "ಅಮ್ಮ ಮೇಲೆ ನೋಡಿದ್ಲಾ? ನಾನು ಕೈ ಬೀಸ್ದೆ." ನನಗೆ ಗೊತ್ತಿಲ್ಲ, ಅಮ್ಮನನ್ನೇ ಕೇಳಬೇಕು ಎಂದೆ. ಮುಂದಿನ ಭಾನುವಾರ ಫೋನಿಗೆ ಬರುತ್ತಾಳಂತೆ. ಅದೊಂದೇ ಮಾತು ಕೇಳಿ ಇಟ್ಟುಬಿಡುತ್ತಾಳಂತೆ. ನೀನು ನೋಡಿರದಿದ್ದರೆ, ನೋಡಲಿಲ್ಲ ಎಂದೇ ಹೇಳು ಅಕ್ಕಾ.